ಗೆಲುವು ರಟ್ಟು, ಸೋಲು ಗುಟ್ಟು

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆ ಕನ್ನಡಿಗರಿಗೆ ಹೊಸದೇನಲ್ಲ. ಮನೆಯ ಒಳಜಗಳ ಹೊಸಿಲು ದಾಟಬಾರದು, ಕಾಯಿಲೆಯನ್ನು ಮಾತ್ರ ನಾಲ್ಕು ಜನರಲ್ಲಿ ಹೇಳಿಕೊಳ್ಳಬೇಕು. ಹೇಳಿಕೊಂಡರೆ ಯಾರಿಂದಲಾದರೂ ದಾರಿ ಸಿಕ್ಕೀತು ಎಂಬ ಲೋಕಾನುಭವ ಅದರಲ್ಲಿದೆ. ನಮ್ಮ ನಗರಗಳ ವಿದ್ಯಾವಂತ ಮಧ್ಯಮ ವರ್ಗ ಈ ಗಾದೆಯನ್ನು ತನಗೆ ಬೇಕಾದಂತೆ ತಿದ್ದಿಕೊಂಡಿದೆ. ಆರೋಗ್ಯದ ಬಗ್ಗೆ ನಾವು ಹಿಂದೆಂದಿಗಿಂತಲೂ ಹೆಚ್ಚು ಮಾತನಾಡುತ್ತಿದ್ದೇವೆ, ನಿಜ. ಆದರೆ ಅಲ್ಲಿ ರಟ್ಟಾಗುವುದು ಗೆಲುವು ಮಾತ್ರ. ಸೋಲು ಗುಟ್ಟಾಗಿಯೇ ಉಳಿಯುತ್ತದೆ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಬೆಳಗಿನ ಹೊತ್ತು ನಡೆಯುವವರ ಮಾತಿಗೆ ಕಿವಿಗೊಟ್ಟರೆ ಇದು ತಿಳಿಯುತ್ತದೆ. ಎಷ್ಟು ಹೆಜ್ಜೆ, ಎಷ್ಟು ಕಿಲೋಮೀಟರ್, ಎಷ್ಟು ಕಿಲೋ ಇಳಿಯಿತು ಎಂಬ ಲೆಕ್ಕ ಧಾರಾಳವಾಗಿ ಕೇಳಿಬರುತ್ತದೆ. ಮನೆಗೆ ಹೋದ ಮೇಲೆ ಅದೇ ಲೆಕ್ಕ ವಾಟ್ಸ್‌ಆ್ಯಪ್ ಗುಂಪಿಗೆ ಚಿತ್ರಸಹಿತ ಬರುತ್ತದೆ; ಚಪ್ಪಾಳೆಯ ಗುರುತುಗಳು ಬೀಳುತ್ತವೆ. ಇಳಿದ ತೂಕ ಮತ್ತೆ ಏರಿತು, ಎರಡು ವಾರದಿಂದ ಮಾತ್ರೆ ತೆಗೆದುಕೊಂಡಿಲ್ಲ, ಬಿಟ್ಟಿದ್ದ ಸಿಗರೇಟು ಮತ್ತೆ ಕೈಗೆ ಬಂತು ಎಂದು ಬರೆಯುವವರು ಮಾತ್ರ ಅಪರೂಪ. ಹಾಗೆ ಆದವರು ಮೊದಲು ಗುಂಪಿನಲ್ಲಿ ಮೌನವಾಗುತ್ತಾರೆ. ಮಂಡಿನೋವಿನಿಂದ ಒಂದು ವಾರ ತಪ್ಪಿಸಿದವರು ಎರಡನೆಯ ವಾರ ಸಂಕೋಚದಿಂದ ತಪ್ಪಿಸುತ್ತಾರೆ. ಮೂರನೆಯ ವಾರದ ಹೊತ್ತಿಗೆ ಆ ದಾರಿಯಲ್ಲಿ ಬರುವುದನ್ನೇ ಬಿಡುತ್ತಾರೆ. ನೋವು ವಾಸಿಯಾದರೂ ಸಂಕೋಚ ವಾಸಿಯಾಗಿರುವುದಿಲ್ಲ.

ಇದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸಿಲಲ್ಲಿದ್ದಾರೆ. ಮಧುಮೇಹ, ರಕ್ತದೊತ್ತಡ, ಬೊಜ್ಜು ಇವು ಹತ್ತು ದಿನ ಔಷಧ ಕುಡಿದು ಮರೆತುಬಿಡುವ ಜ್ವರದಂಥವಲ್ಲ. ಇವುಗಳೊಡನೆ ವರ್ಷಗಟ್ಟಲೆ ಬಾಳಬೇಕು. ಅಷ್ಟು ದೀರ್ಘ ದಾರಿಯಲ್ಲಿ ಎಡವದೆ ನಡೆದವರು ಯಾರೂ ಇರಲಾರರು. ಆದ್ದರಿಂದ ಎಡವಿದ ಮೇಲೆ ಏನು ಮಾಡುತ್ತೇವೆ ಎಂಬುದೇ ಈ ಕಾಯಿಲೆಗಳ ವಿಷಯದಲ್ಲಿ ಮುಖ್ಯವಾಗುತ್ತದೆ. ಅದನ್ನು ಕಲಿಸಬಲ್ಲವರು ತಾವೂ ಎಡವಿ ಎದ್ದವರೇ ಹೊರತು ಎಂದೂ ಎಡವಿಲ್ಲವೆಂದು ತೋರಿಸಿಕೊಳ್ಳುವವರಲ್ಲ.

ನಾವು ಮುಚ್ಚಿಡುವುದೇಕೆ? ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮಗಳಿಗೆ ಗಂಡು ನೋಡುವ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಸರೆತ್ತಬಾರದು. ಬಡ್ತಿಯ ನಿರೀಕ್ಷೆಯಲ್ಲಿರುವವರ ರಕ್ತದೊತ್ತಡ ಕಚೇರಿಯಲ್ಲಿ ಯಾರಿಗೂ ತಿಳಿಯಬಾರದು. ಮದುವೆಮನೆಯಲ್ಲಿ ಎದುರಾದ ಬಂಧುಗಳು ‘ಏನ್ರೀ, ಮತ್ತೆ ದಪ್ಪ ಆಗಿದ್ದೀರಲ್ಲ?’ ಎಂದು ಹತ್ತು ಜನರ ಮುಂದೆ ಕೇಳಿಬಿಡುತ್ತಾರೆ. ಇವೆಲ್ಲಕ್ಕಿಂತ ಆಳದಲ್ಲಿರುವುದು ದೇಹಸ್ಥಿತಿಯನ್ನು ಶೀಲದ ಅಳತೆಗೋಲನ್ನಾಗಿ ಮಾಡಿಕೊಂಡಿರುವ ನಮ್ಮ ಮನೋಭಾವ. ತೂಕ ಇಳಿದರೆ ‘ಶಿಸ್ತಿನ ಮನುಷ್ಯ’. ಏರಿದರೆ ‘ಬಾಯಿ ಕಟ್ಟದವನು’. ಹೀಗಿರುವಾಗ ತೂಕ ಏರಿತೆಂದು ಹೇಳಿಕೊಳ್ಳುವುದು ರೋಗಲಕ್ಷಣ ತಿಳಿಸಿದಂತಾಗದೆ ತಪ್ಪೊಪ್ಪಿಗೆಯಂತಾಗುತ್ತದೆ.

ಈ ಭಯ ವೈದ್ಯರ ಕೋಣೆಯವರೆಗೂ ಬರುತ್ತದೆ. ರಕ್ತಪರೀಕ್ಷೆಗೆ ಮೂರು ದಿನ ಮುಂಚಿನಿಂದ ಅನ್ನ, ಸಿಹಿ ಬಿಟ್ಟು ‘ಒಳ್ಳೆಯ ರಿಪೋರ್ಟು’ ತರುವ ಜಾಣರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಈ ಜಾಣತನವನ್ನು ಬಯಲು ಮಾಡುತ್ತದೆ, ಸರಿ. ಆದರೆ ಮಾತ್ರೆ ಬಿಟ್ಟಿದ್ದನ್ನು ಹೇಳದೆ ಇದ್ದರೆ, ಔಷಧ ಸಾಲದೆಂದು ತಿಳಿದು ವೈದ್ಯರು ಪ್ರಮಾಣ ಹೆಚ್ಚಿಸುವ ಸಂಭವವಿದೆ. ಗುಟ್ಟಿನ ಬೆಲೆಯನ್ನು ಆಗ ದೇಹವೇ ತೆರಬೇಕಾಗುತ್ತದೆ.

ಹಿನ್ನಡೆಯೆಂಬುದು ಶೀಲದ ಕೊರತೆಯಲ್ಲ ಎಂಬುದಕ್ಕೆ ವಿಜ್ಞಾನದ ಆಧಾರವೂ ಇದೆ. ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 50 ಮಂದಿ ಸ್ಥೂಲಕಾಯರು ಹತ್ತು ವಾರಗಳ ಕಠಿಣ ಪಥ್ಯಕ್ಕೆ ಒಳಗಾದರು. ತೂಕ ಇಳಿಸಿದವರಲ್ಲಿ ಹಸಿವನ್ನು ಕೆರಳಿಸುವ ಹಾರ್ಮೋನುಗಳ ಏರುಪೇರು ವರ್ಷ ಕಳೆದರೂ ಸರಿಹೋಗಿರಲಿಲ್ಲ. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹವೇ ಹವಣಿಸುತ್ತದೆಂದು ಇದರ ಅರ್ಥ. ಲಂಡನ್ನಿನಲ್ಲಿ 96 ಮಂದಿ ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವುದನ್ನು ಗಮನಿಸಿದ 2010ರ ಅಧ್ಯಯನ ಇನ್ನೊಂದು ಸಮಾಧಾನದ ಮಾತು ಹೇಳುತ್ತದೆ. ಅಭ್ಯಾಸ ನೆಲೆಯೂರಲು ಅವರಿಗೆ ಸರಾಸರಿ 66 ದಿನ ಬೇಕಾಯಿತು. ಆದರೆ ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ಒಂದು ದಿನ ತಪ್ಪಿತಲ್ಲ ಎಂದು ನಾಚಿ ಎಲ್ಲವನ್ನೂ ಕೈಬಿಡುವುದರಿಂದಲೇ ಹಾನಿ.

ಸೋಲನ್ನು ಸಮಾನದುಃಖಿಗಳ ಮುಂದೆ ಇಡುವುದೇ ಚಿಕಿತ್ಸೆಯ ಭಾಗವಾಗಬಲ್ಲದು ಎಂಬ ಅರಿವು ಇಂದಿನದಲ್ಲ. ಕ್ಷಯಕ್ಕೆ ಔಷಧವೇ ಇಲ್ಲದಿದ್ದ ಕಾಲದಲ್ಲಿ, 1905ರಲ್ಲಿ, ಅಮೆರಿಕದ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಅವರು ಆರೋಗ್ಯಧಾಮದ ಖರ್ಚು ಭರಿಸಲಾಗದ ಬಡ ರೋಗಿಗಳ ಸಣ್ಣ ಗುಂಪೊಂದನ್ನು ಕಟ್ಟಿದರು. ಅವರು ಪ್ರತಿದಿನದ ಜ್ವರ, ಆಹಾರ, ವಿಶ್ರಾಂತಿಯ ವಿವರವನ್ನು ಪುಸ್ತಕದಲ್ಲಿ ಬರೆದಿಟ್ಟು ವಾರಕ್ಕೊಮ್ಮೆ ಒಟ್ಟಿಗೆ ಸೇರುತ್ತಿದ್ದರು. ಚಿಕಿತ್ಸೆಯ ಶಿಸ್ತಿಗಾಗಿ ಕರೆದ ಈ ಕೂಟದಲ್ಲಿ ರೋಗಿಗಳು ಒಬ್ಬರಿಗೊಬ್ಬರು ನೀಡಿದ ಧೈರ್ಯವೂ ಮದ್ದೇ ಎಂಬುದನ್ನು ಪ್ರ್ಯಾಟ್ ಕ್ರಮೇಣ ಮನಗಂಡರು. ಗುಂಪು ಚಿಕಿತ್ಸೆಯ ಇತಿಹಾಸ ಇಂದಿಗೂ ಅವರಿಂದಲೇ ಆರಂಭವಾಗುತ್ತದೆ.

ಮದ್ಯವ್ಯಸನಿಗಳ ಸಂಘಟನೆಯಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ನ ಹುಟ್ಟಿನ ಕಥೆ ಇನ್ನಷ್ಟು ಅರ್ಥಪೂರ್ಣವಾದುದು. 1935ರ ಮೇ ತಿಂಗಳಲ್ಲಿ ಓಹಾಯೊ ರಾಜ್ಯದ ಆ್ಯಕ್ರನ್ ನಗರದಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, ಇನ್ನೂ ಕುಡಿತದಲ್ಲಿ ಮುಳುಗಿದ್ದ ಶಸ್ತ್ರವೈದ್ಯ ಬಾಬ್ ಸ್ಮಿತ್ ಅವರನ್ನು ಭೇಟಿಯಾದರು. ತನ್ನ ಕಥೆ ಹೇಳಿಕೊಂಡರೆ ತಾನು ಕುಡಿಯದೆ ಉಳಿದೇನು ಎಂಬುದು ವಿಲ್ಸನ್ ಅವರ ನಂಬಿಕೆಯಾಗಿತ್ತು. ಸ್ಮಿತ್ ಕುಡಿತ ಬಿಟ್ಟರು. ಆದರೆ ಕೆಲವು ವಾರಗಳಲ್ಲಿ ವೈದ್ಯಸಮ್ಮೇಳನಕ್ಕೆಂದು ಹೋದಾಗ ಮತ್ತೆ ಕುಡಿದರು. ಮರಳಿ ಬಂದ ಅವರನ್ನು ವಿಲ್ಸನ್ ಕೈಬಿಡಲಿಲ್ಲ. ಸ್ಮಿತ್ ಕೊನೆಯ ಬಾರಿಗೆ ಕುಡಿದ ದಿನವೆಂದು ಹೇಳಲಾಗುವ ಜೂನ್ 10, 1935ನ್ನೇ ಆ ಸಂಘಟನೆ ತನ್ನ ಸ್ಥಾಪನಾ ದಿನವೆಂದು ಪರಿಗಣಿಸುತ್ತದೆ. ಒಂದು ಜಾರುವಿಕೆಯನ್ನು ಮುಚ್ಚಿಡದೆ ಅಲ್ಲಿಂದಲೇ ಎಣಿಕೆ ಆರಂಭಿಸಿದ ಸಂಘಟನೆಯಿದು. 27 ಅಧ್ಯಯನಗಳನ್ನು ಒರೆಗೆ ಹಚ್ಚಿದ 2020ರ ಕಾಕ್ರೇನ್ ವಿಮರ್ಶೆ, ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಈ ಮಾರ್ಗ ಇತರ ಪ್ರಸಿದ್ಧ ಚಿಕಿತ್ಸೆಗಳಿಗೆ ಕಡಿಮೆಯೇನಲ್ಲ ಎಂಬ ನಿರ್ಣಯಕ್ಕೆ ಬಂತು.

ನಮ್ಮಲ್ಲೂ ಇದಕ್ಕೆ ನಿದರ್ಶನಗಳಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಶಿಬಿರದ ಕೊನೆಯ ದಿನದ ಪ್ರಮಾಣವಚನಕ್ಕೆ ಮುಗಿಯುವುದಿಲ್ಲ. ಪಾನಮುಕ್ತರಾದವರು ಅನಂತರವೂ ‘ನವಜೀವನ ಸಮಿತಿ’ಗಳಲ್ಲಿ ಸೇರುತ್ತಾರೆ. ರಾಜ್ಯದಲ್ಲಿ 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳ ಸಭೆಯಲ್ಲಿ ಉಳಿತಾಯದ ಲೆಕ್ಕದ ಜತೆಗೆ ಕಟ್ಟಲಾಗದ ಕಂತಿನ ಸಂಕಟವನ್ನೂ ಹೆಣ್ಣುಮಕ್ಕಳು ಎದುರಿಗಿಡುತ್ತಾರೆ. ನಗರದ ಪದವೀಧರರು ಸಕ್ಕರೆಯ ಲೆಕ್ಕ ಇಡುವಾಗ ಅದೇ ಧೈರ್ಯವನ್ನು ಏಕೆ ತೋರಬಾರದು?

ಹಾಗೆಂದು ಗುಂಪು ಕಟ್ಟಿದೊಡನೆ ಕಾಯಿಲೆ ಓಡಿಹೋಗುತ್ತದೆಂದು ಹೇಳಿದರೆ ಅದು ಅಪ್ರಾಮಾಣಿಕತೆಯಾದೀತು. ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಧುಮೇಹದ ಅಪಾಯವಿರುವ 1,007 ಮಂದಿಯನ್ನು ಎರಡು ವರ್ಷ ಗಮನಿಸಿದ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಪಂಗಡಕ್ಕೆ ತಮ್ಮೊಳಗಿನಿಂದಲೇ ಆರಿಸಿ ತರಬೇತಿ ಪಡೆದವರು ನಡೆಸುವ ಕೂಟಗಳಿದ್ದವು. ಈ ಪಂಗಡದಲ್ಲಿ ಶೇ 14.9ರಷ್ಟು, ಕೂಟಗಳಿಲ್ಲದ ಪಂಗಡದಲ್ಲಿ ಶೇ 17.1ರಷ್ಟು ಜನ ಮಧುಮೇಹಿಗಳಾದರು. ಈ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಷ್ಟು ದೊಡ್ಡದಲ್ಲ. ಆದರೆ ಕೂಟದವರಲ್ಲಿ ಮದ್ಯದ ಬಳಕೆ ಇಳಿದಿತ್ತು, ಹಣ್ಣು ತರಕಾರಿಯ ಸೇವನೆ ಹೆಚ್ಚಿತ್ತು. ಗುಂಪು ಪವಾಡ ಮಾಡುವುದಿಲ್ಲ. ದಿನನಿತ್ಯದ ನಡೆಯನ್ನು ಸ್ವಲ್ಪ ತಿದ್ದುತ್ತದೆ. ಬಹುಕಾಲದ ಕಾಯಿಲೆಗಳಲ್ಲಿ ಆ ಸ್ವಲ್ಪವೂ ದೊಡ್ಡದೇ.

ಇಂದಿನ ವಾಟ್ಸ್‌ಆ್ಯಪ್ ಗುಂಪುಗಳಿಂದ ಇದು ಸಾಧ್ಯವಾಗದೆ ಇರಲು ಎರಡು ಕಾರಣಗಳಿವೆ. ಮೊದಲನೆಯದು ಸ್ಪರ್ಧೆ. ಎಲ್ಲರೂ ಬೆನ್ನಟ್ಟುವ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿಯ ಮೂಲ ವೈದ್ಯಶಾಸ್ತ್ರದಲ್ಲಿಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲಿ ಅದರ ಮೂಲವಿದೆ. ಅದನ್ನೇ ಅಗ್ನಿಪರೀಕ್ಷೆ ಮಾಡಿಕೊಂಡರೆ ಐದು ಸಾವಿರ ನಡೆದ ಅರವತ್ತರ ಹಿರಿಯರು ತಲೆತಗ್ಗಿಸಬೇಕಾಗುತ್ತದೆ. ಎರಡನೆಯದು ಉಪದೇಶ. ಯಾರಾದರೂ ಧೈರ್ಯಮಾಡಿ ‘ಸಕ್ಕರೆ ಇನ್ನೂರು ದಾಟಿದೆ’ ಎಂದರೆ ಹಾಗಲಕಾಯಿ ರಸದಿಂದ ಹಿಡಿದು ಮಾತ್ರೆ ಬಿಟ್ಟುಬಿಡಿ ಎಂಬವರೆಗೆ ಹತ್ತಾರು ಸಲಹೆಗಳು ಸುರಿಯುತ್ತವೆ. ಇವುಗಳಲ್ಲಿ ಕೆಲವು ಪ್ರಾಣಕ್ಕೇ ಅಪಾಯಕಾರಿ. ಕೇಳಿಸಿಕೊಳ್ಳುವವರಿಲ್ಲದೆ ಹೇಳುವವರೇ ತುಂಬಿರುವ ಕಡೆ ಸೋಲನ್ನು ಯಾರು ತಾನೆ ತೆರೆದಿಟ್ಟಾರು?

ಇದಕ್ಕೆ ಬೇಕಾದುದು ಎಂಟು ಹತ್ತು ಮಂದಿಯ ಸಣ್ಣ ಕೂಟ. ಒಂದೇ ಬಗೆಯ ತೊಂದರೆ ಇರುವವರು, ವಾರಕ್ಕೊಂದು ಗೊತ್ತಾದ ದಿನ, ಮುಖಾಮುಖಿ ಮಾತು. ನಿಯಮಗಳೂ ಹೆಚ್ಚೇನಿಲ್ಲ. ಕಳೆದ ವಾರ ಏನು ತಪ್ಪಿತು ಎಂಬುದನ್ನು ಮೊದಲು ಹೇಳಬೇಕು, ಸಾಧನೆ ಆಮೇಲೆ. ಕೇಳದ ಹೊರತು ಯಾರೂ ಸಲಹೆ ಕೊಡಬಾರದು. ಅಲ್ಲಿ ಕೇಳಿದ್ದು ಮನೆಯವರ ಕಿವಿಗೂ ಬೀಳಬಾರದು. ಔಷಧದ ಮಾತು ಬಂದರೆ ವೈದ್ಯರದೇ ಕೊನೆಯ ಮಾತು. ಎದೆನೋವೋ ಉಬ್ಬಸವೋ ಕಾಣಿಸಿದರೆ ಕೂಟಕ್ಕಲ್ಲ, ಆಸ್ಪತ್ರೆಗೇ ಹೋಗಬೇಕು. ಬಡಾವಣೆಯ ನಿವಾಸಿಗಳ ಸಂಘ, ಯೋಗಕೇಂದ್ರ, ಗ್ರಂಥಾಲಯದ ಒಂದು ಕೋಣೆ ಇದಕ್ಕೆ ಸಾಕು. 2022ರ ಕೊನೆಯಲ್ಲಿ ರಾಜ್ಯದ ನಗರಗಳಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳೂ ವಾರಕ್ಕೊಂದು ಸಂಜೆ ಇಂಥ ಕೂಟಗಳಿಗೆ ಜಾಗ ಕೊಡಬಹುದು. ಸರ್ಕಾರಕ್ಕೆ ಅದರಿಂದ ಆಗುವ ಖರ್ಚು ಅತ್ಯಲ್ಪ.

ಖಾಸಗಿತನದ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದುದೂ ಹೌದು. ಆರೋಗ್ಯದ ವಿವರವನ್ನು ಕಂಡಕಂಡವರಿಗೆಲ್ಲ ಹೇಳಬೇಕೆಂದು ಯಾರೂ ವಾದಿಸಲಾರರು. ನೌಕರರ ‘ಫಿಟ್‌ನೆಸ್ ಸವಾಲು’ ಏರ್ಪಡಿಸಿ ಅವರ ತೂಕದ ಪಟ್ಟಿಯನ್ನು ಎಲ್ಲರೆದುರು ಹರಡುವ ಕಚೇರಿಗಳ ಉತ್ಸಾಹ ಹಂಚಿಕೆಯಲ್ಲ, ಮರ್ಯಾದೆಗೆಟ್ಟ ಮೇಲ್ವಿಚಾರಣೆ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ಹೇಳುವವರ ಹಕ್ಕು. ಆ ಹಕ್ಕಿಗೆ ಬೆಲೆಯಿರುವಲ್ಲಿ ಮಾತ್ರ ಸತ್ಯ ಹೊರಬರುತ್ತದೆ. ದಯೆಯಿಲ್ಲದ ಕೂಟ ಪಂಚಾಯಿತಿ ಕಟ್ಟೆಯಾಗಲು ಹೆಚ್ಚು ಹೊತ್ತು ಬೇಕಾಗದು.

ಆದ್ದರಿಂದ ಬದಲಾವಣೆ ಆರಂಭವಾಗಬೇಕಾದುದು ಹೇಳುವವರಿಂದ ಮಾತ್ರವಲ್ಲ, ಕೇಳುವವರಿಂದಲೂ. ತಿಂಗಳ ಕಾಲ ಕಾಣಿಸಿಕೊಳ್ಳದೆ ಇದ್ದ ಜತೆಗಾರರು ಮತ್ತೆ ವಾಕಿಂಗ್‌ಗೆ ಬಂದಾಗ ‘ಏನ್ಸಾರ್, ಇಷ್ಟಕ್ಕೇ ಕೈಬಿಟ್ಟಿರಾ?’ ಎಂದು ನಗೆಯಾಡುವ ಬದಲು ‘ಬಂದಿರಲ್ಲ, ಸಂತೋಷ. ಹೇಗಿದ್ದೀರಿ?’ ಎಂದು ಕೇಳಿ, ಅವರ ಉತ್ತರ ಮುಗಿಯುವವರೆಗೆ ಸುಮ್ಮನಿರುವುದು ಕಷ್ಟವೇನಲ್ಲ. ವ್ಯಾಧಿ ರಟ್ಟಾಗಬೇಕೆಂದು ಹಿರಿಯರು ಹೇಳಿದ್ದು, ಕೇಳಿಸಿಕೊಳ್ಳುವ ನಾಲ್ಕು ಜನ ನೆರೆಹೊರೆಯಲ್ಲಿ ಇದ್ದೇ ಇರುತ್ತಾರೆಂಬ ಭರವಸೆಯಿಂದ. ಆ ನಾಲ್ಕು ಜನ ನಾವಾಗಬೇಕಾಗಿದೆ.