ತಂತ್ರಾಂಶಕ್ಕಿಂತ ಮೊದಲು ಮಾಸ್ಟರ್ ಪಟ್ಟಿ ಶುದ್ಧವಾಗಲಿ

ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ ಮತ್ತು ಲೆಕ್ಕಪತ್ರಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಇಆರ್‌ಪಿ ತಂತ್ರಾಂಶಗಳು ಇಂದು ಬೃಹತ್ ಕಂಪನಿಗಳ ಸೊತ್ತಾಗಿ ಉಳಿದಿಲ್ಲ. ಮಧ್ಯಮ ಗಾತ್ರದ ಉದ್ದಿಮೆಗಳೂ ಅವುಗಳಿಗಾಗಿ ಲಕ್ಷಗಟ್ಟಲೆ ರೂಪಾಯಿ ವಿನಿಯೋಗಿಸುತ್ತಿವೆ. ಆದರೆ ತಂತ್ರಾಂಶದ ಆಯ್ಕೆಗೂ ದರದ ಚೌಕಾಸಿಗೂ ತಿಂಗಳುಗಟ್ಟಲೆ ಸಮಯ ಕೊಡುವ ಆಡಳಿತ ವರ್ಗವು, ಅದರೊಳಗೆ ತುಂಬಬೇಕಾದ ಮಾಸ್ಟರ್ ಪಟ್ಟಿಗಳ ಕೆಲಸವನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ಕಿರಿಯ ಗುಮಾಸ್ತರ ಪಾಲಿಗೆ ಬಿಡುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಚಿಕ್ಕದಲ್ಲ.

ಸರಬರಾಜುದಾರರು, ಗ್ರಾಹಕರು, ಸರಕುಗಳು, ಅಳತೆಯ ಮಾನಗಳು, ತೆರಿಗೆಯ ದರಗಳು — ಇವುಗಳ ಮೂಲ ವಿವರವೇ ಮಾಸ್ಟರ್. ಒಂದು ವೋಚರಿನಲ್ಲಿ ತಪ್ಪಾದರೆ ಆ ವ್ಯವಹಾರ ಮಾತ್ರ ಕೆಡುತ್ತದೆ. ಮಾಸ್ಟರಿನಲ್ಲಿ ತಪ್ಪಾದರೆ ಅದನ್ನು ಆಧರಿಸಿದ ಪ್ರತಿ ವ್ಯವಹಾರವೂ ಕೆಡುತ್ತದೆ. ಬಿಲ್ಲಿಂಗ್, ಗೋದಾಮು ಮತ್ತು ಲೆಕ್ಕಪತ್ರಗಳು ಬೇರೆ ಬೇರೆಯಾಗಿದ್ದಾಗ ಅಂತಹ ತಪ್ಪು ಒಂದು ವಿಭಾಗದಲ್ಲೇ ನಿಲ್ಲುತ್ತಿತ್ತು. ಅವೆಲ್ಲವನ್ನೂ ಜೋಡಿಸಿದ ಮೇಲೆ ಅದೇ ತಪ್ಪು ಕ್ಷಣಮಾತ್ರದಲ್ಲಿ ಎಲ್ಲ ವಿಭಾಗಗಳಿಗೂ ಹರಡುತ್ತದೆ. ಜೋಡಣೆಯು ತಪ್ಪನ್ನು ತಿದ್ದುವುದಿಲ್ಲ, ಸಾಗಿಸುತ್ತದೆ.

ಅಮೆರಿಕದ ಟಾರ್ಗೆಟ್ ಸಂಸ್ಥೆಯ ಕೆನಡಾ ಸಾಹಸ ಇದಕ್ಕೆ ನಿದರ್ಶನ. 2013ರಲ್ಲಿ ಅಲ್ಲಿ ಮಳಿಗೆಗಳನ್ನು ತೆರೆದ ಈ ಸಂಸ್ಥೆ, ಜರ್ಮನಿಯ ಎಸ್‌ಎಪಿ ಕಂಪನಿಯ ಹೆಸರಾಂತ ತಂತ್ರಾಂಶವನ್ನೇ ಅಳವಡಿಸಿಕೊಂಡಿತ್ತು. ಆದರೆ ಅವಸರದಲ್ಲಿ ತುಂಬಿದ ಸರಕುಗಳ ವಿವರದಲ್ಲಿ ಸೆಂಟಿಮೀಟರ್ ಇರಬೇಕಾದಲ್ಲಿ ಅಂಗುಲಗಳಿದ್ದವು, ಉದ್ದ ಅಗಲಗಳು ಅದಲುಬದಲಾಗಿದ್ದವು. ಗೋದಾಮುಗಳು ತುಂಬಿ ತುಳುಕುತ್ತಿದ್ದರೂ ಅಂಗಡಿಯ ಕಪಾಟುಗಳು ಖಾಲಿಯಾಗಿದ್ದವು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಮಾಸ್ಟರ್ ದೋಷ ಅವುಗಳಲ್ಲಿ ಪ್ರಮುಖವಾದದ್ದು. 2015ರಲ್ಲಿ 133 ಮಳಿಗೆಗಳೂ ಮುಚ್ಚಿದವು.

ಇಂತಹ ದೋಷವನ್ನು ಪ್ರೋಗ್ರಾಂ ಬರೆದು ಸರಿಪಡಿಸಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಒಂದು ಯಂತ್ರೋಪಕರಣ ಕಾರ್ಖಾನೆಯ ಉಗ್ರಾಣವನ್ನು ಗಮನಿಸಿದರೆ ಅದರ ಮಿತಿ ತಿಳಿಯುತ್ತದೆ. '6205 ಬೇರಿಂಗ್' ಮತ್ತು 'ಬೇರಿಂಗ್ 6205' ಎಂಬ ಎರಡು ನಮೂದುಗಳು ಒಂದೇ ವಸ್ತುವಿನವು, ಅವನ್ನು ಕೂಡಿಸಬೇಕು. '6205 ಝಡ್‌ಝಡ್' ಎಂಬುದು ಎರಡೂ ಬದಿಗೆ ಲೋಹದ ಮುಚ್ಚಳವಿರುವ ಬೇರಿಂಗ್, ಅದನ್ನು ಕೂಡಿಸಬಾರದು. ಉಕ್ಕಿನ ಸರಳನ್ನು ಕಿಲೋಗ್ರಾಂ ಲೆಕ್ಕದಲ್ಲಿ ಕೊಂಡು ಮೀಟರ್ ಲೆಕ್ಕದಲ್ಲಿ ಕೊಡುವ ಕಾರ್ಖಾನೆಯಲ್ಲಿ, 25 ಮಿಲಿಮೀಟರ್ ವ್ಯಾಸದ ಸರಳು ಮೀಟರಿಗೆ ಸುಮಾರು 3.85 ಕಿಲೋಗ್ರಾಂ ತೂಗುತ್ತದೆ ಎಂಬುದು ಮಾಸ್ಟರಿನಲ್ಲಿ ಸರಿಯಾಗಿ ಇಲ್ಲದಿದ್ದರೆ ವರ್ಷಾಂತ್ಯದ ದಾಸ್ತಾನು ಮೌಲ್ಯವೇ ಸುಳ್ಳಾಗುತ್ತದೆ. ಇದು ಉಗ್ರಾಣಿಕನಿಗೆ ಗೊತ್ತು. ಪ್ರೋಗ್ರಾಂ ಬರೆಯುವವನಿಗೆ ಯಾರಾದರೂ ಹೇಳದ ಹೊರತು ಗೊತ್ತಾಗದು.

ತೆರಿಗೆ ಕಾನೂನುಗಳು ಈ ವಿಷಯದ ಮಹತ್ವವನ್ನು ಮತ್ತಷ್ಟು ಹೆಚ್ಚಿಸಿವೆ. ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಸಂಖ್ಯೆ 15 ಅಕ್ಷರ, ಅಂಕಿಗಳದ್ದು. ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಮುಂದಿನ ಹತ್ತು ಪ್ಯಾನ್. ಪೀಣ್ಯದಲ್ಲೂ ಹೊಸೂರಿನಲ್ಲೂ ಘಟಕಗಳಿರುವ ಕಂಪನಿಗೆ ಪ್ಯಾನ್ ಒಂದೇ. ಆದರೆ ನೋಂದಣಿ ಸಂಖ್ಯೆ ಇಲ್ಲಿ 29ರಿಂದ, ಅಲ್ಲಿ 33ರಿಂದ ಆರಂಭವಾಗುತ್ತದೆ. ಸರಬರಾಜುದಾರನ ಗ್ರಾಹಕ ಪಟ್ಟಿಯಲ್ಲಿ ಇವು ಅದಲುಬದಲಾದರೆ ಪೀಣ್ಯಕ್ಕೆ ಸಲ್ಲಬೇಕಾದ ಇನ್‌ಪುಟ್ ತೆರಿಗೆ ಜಮೆ ಹೊಸೂರಿನ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಸರಬರಾಜುದಾರ ಸಲ್ಲಿಸಿದ ವಿವರದಲ್ಲಿ ಕಾಣದ ಇನ್‌ವಾಯ್ಸ್‌ಗೆ ಜಮೆ ಇಲ್ಲವೆಂಬ ನಿಯಮ 2022ರ ಜನವರಿ 1ರಂದು ಜಾರಿಗೆ ಬಂದ ಬಳಿಕ, ಇಂತಹ ತಪ್ಪು ನೇರವಾಗಿ ದುಡಿಯುವ ಬಂಡವಾಳವನ್ನೇ ತಟ್ಟುತ್ತದೆ.

ಅದೇ ರೀತಿ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಸೇರ್ಪಡೆಯಾಗಿ 2024-25ರ ಕರ ನಿರ್ಧರಣಾ ವರ್ಷದಿಂದ ಅನ್ವಯವಾದ ಎಚ್ ಖಂಡವು, ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ನಿಗದಿತ ಅವಧಿಯಲ್ಲಿ ಹಣ ಪಾವತಿಸದಿದ್ದರೆ ಆ ವೆಚ್ಚವನ್ನು ಪಾವತಿಯಾದ ವರ್ಷದಲ್ಲಿ ಮಾತ್ರ ಕಳೆಯಲು ಅವಕಾಶ ನೀಡಿತು. ಯಾವ ಸರಬರಾಜುದಾರ ಈ ವರ್ಗಕ್ಕೆ ಸೇರಿದವನು, ಆತ ತಯಾರಕನೋ ಬರಿಯ ವ್ಯಾಪಾರಿಯೋ ಎಂಬುದು ಮಾಸ್ಟರಿನಲ್ಲಿ ಇಲ್ಲದಿದ್ದರೆ ಯಾವ ತಂತ್ರಾಂಶವೂ ಎಚ್ಚರಿಸಲಾರದು. ಇದರ ಹಾನಿ ಕೊಳ್ಳುವವನಿಗೆ ತೆರಿಗೆಯ ರೂಪದಲ್ಲಿ ಬಂದರೆ, ಸಣ್ಣ ತಯಾರಕನಿಗೆ ಬಾಕಿಯ ರೂಪದಲ್ಲಿ ಬರುತ್ತದೆ.

ಸಣ್ಣ ಸಂಸ್ಥೆಗಳಿಗೆ ಇಷ್ಟೆಲ್ಲ ಕಟ್ಟುನಿಟ್ಟು ಹೊರೆಯಲ್ಲವೇ ಎಂಬ ಆಕ್ಷೇಪ ಸಹಜವೇ. ಆದರೆ ಇದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಶಿಸ್ತು. ಪ್ರತಿಯೊಂದು ಪಟ್ಟಿಗೂ ಒಬ್ಬ ಹೊಣೆಗಾರನಿರಬೇಕು: ಸರಕಿಗೆ ಉಗ್ರಾಣದ ಮುಖ್ಯಸ್ಥ, ಸರಬರಾಜುದಾರರಿಗೆ ಲೆಕ್ಕಪತ್ರ ವಿಭಾಗ, ಗ್ರಾಹಕರಿಗೆ ಮಾರಾಟ ವಿಭಾಗ. ಹೊಸ ಹೆಸರನ್ನು ಕೋರುವವನು ಒಬ್ಬ, ಮಂಜೂರು ಮಾಡುವವನು ಮತ್ತೊಬ್ಬ ಆಗಿರಬೇಕು. ಬ್ಯಾಂಕ್ ಖಾತೆಯ ಸಂಖ್ಯೆ ಬದಲಾದಾಗ ಸರಬರಾಜುದಾರರನ್ನೇ ವಿಚಾರಿಸಿ ದೃಢಪಡಿಸಿಕೊಳ್ಳಬೇಕು. ಎರಡು ವರ್ಷ ವ್ಯವಹಾರವಿಲ್ಲದ ಹೆಸರುಗಳನ್ನು ಹೊಸ ತಂತ್ರಾಂಶಕ್ಕೆ ಒಯ್ಯುವ ಮುನ್ನ ಪ್ರತ್ಯೇಕಿಸಬೇಕು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಬದಲಾವಣೆಗಳ ಜಾಡು ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ, ಯಾರು ಏನನ್ನು ಬದಲಿಸಿದರು ಎಂಬುದಕ್ಕೆ ಉತ್ತರ ಹೇಳಲು ಸಿದ್ಧರಿರುವುದೂ ಅಗತ್ಯ.

ಬಿತ್ತಿದಂತೆ ಬೆಳೆ ಎಂಬ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆ. ತಂತ್ರಾಂಶದ ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ ಉದ್ಯಮಿಯು ತನ್ನ ಸರಬರಾಜುದಾರರ ಪಟ್ಟಿಯನ್ನೊಮ್ಮೆ ತರಿಸಿಕೊಂಡು ಸ್ವತಃ ಓದುವುದು ಒಳಿತು. ಒಂದೇ ಹೆಸರು ಅಲ್ಲಿ ಮೂರು ರೂಪಗಳಲ್ಲಿ ಕಂಡರೆ, ಸಹಿಗಿಂತ ಮೊದಲು ಆಗಬೇಕಾದ ಕೆಲಸ ಯಾವುದೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.