ಗುಳೆ ಹೋದ ತಂದೆಗೆ ಮಗ ತೀರಿಸಬೇಕಾದ ಋಣ

ಮಳೆ ಕೈಕೊಟ್ಟ ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಬಸ್ ನಿಲ್ದಾಣಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಜೋಳದ ಹಿಟ್ಟಿನ ಚೀಲ, ಹಾಸಿಗೆಯ ಗಂಟು, ನಾಲ್ಕಾರು ಪಾತ್ರೆ. ಪಕ್ಕದಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತ ಮಕ್ಕಳು. ಬಸ್ಸು ಬರುತ್ತದೆ. ತಂದೆ ತಾಯಿ ಹತ್ತುತ್ತಾರೆ, ಮಕ್ಕಳು ಉಳಿಯುತ್ತಾರೆ. ಇದನ್ನೇ ನಾವು ಗುಳೆ ಎಂದು ಕರೆದು ಸುಮ್ಮನಾಗುತ್ತೇವೆ.

ಈ ಜಿಲ್ಲೆಗೆ ಕೃಷ್ಣೆಯೂ ಇದ್ದಾಳೆ, ಭೀಮೆಯೂ ಇದ್ದಾಳೆ. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮ್ ಅವರು ನಾಡಿಗೆ ಸಮರ್ಪಿಸಿದರು. ಕಾಲುವೆಯ ನೀರು ಅನೇಕ ಹೊಲಗಳಿಗೆ ಹರಿಯಿತು, ನಿಜ. ಆದರೆ ಹೊಲವೇ ಇಲ್ಲದವನ ಪಾಲಿಗೆ ಹರಿದದ್ದೇನು? ನಮ್ಮ ಮೊಹಲ್ಲಾಗಳ ಬಹುಪಾಲು ಕುಟುಂಬಗಳಿಗೆ ತುಂಡು ಭೂಮಿಯೂ ಇಲ್ಲ. ಗೌಂಡಿ ಕೆಲಸ, ಬಣ್ಣ ಬಳಿಯುವುದು, ಹಮಾಲಿ, ಡ್ರೈವಿಂಗ್, ಇಷ್ಟೇ ಇವರ ಆಸ್ತಿ. ಕೆಲಸ ಇರುವಲ್ಲಿಗೆ ಇವರು ಹೋಗುತ್ತಾರೆ. ಪುಣೆಗೆ, ಮುಂಬೈಗೆ, ಮಂಗಳೂರಿಗೆ; ಎಲ್ಲಕ್ಕಿಂತ ಹೆಚ್ಚಾಗಿ ಗೋವಾಕ್ಕೆ.

ಗೋವಾದಲ್ಲಿ ಅವರ ಬದುಕು ಹೇಗಿದೆಯೆಂದು ಊರಲ್ಲಿ ಉಳಿದ ಮಕ್ಕಳಿಗೆ ತಿಳಿದಿರುವುದು ಕಡಿಮೆ. ಘಟ್ಟದ ಮೇಲಿನಿಂದ ಬಂದವರನ್ನು ಅಲ್ಲಿ ‘ಘಾಟಿ’ ಎಂದು ಹೀಯಾಳಿಸುವುದುಂಟು. ವಾಸ್ಕೋದ ಬಯಿನಾ ಕಡಲತೀರದಲ್ಲಿ ಸರಕಾರ ಮನೆಗಳನ್ನು ನೆಲಸಮ ಮಾಡಿದಾಗ ಮಳೆಗಾಲ ಮುಗಿದಿರಲಿಲ್ಲ. ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ ಮಂದಿ. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಕೂಲಿಯೂ ಇಲ್ಲದೆ, ಊರಿಗೆ ದಾರಿಯೂ ಇಲ್ಲದೆ ಕುಳಿತವರಲ್ಲೂ ಇವರಿದ್ದರು. ಇದಾವುದನ್ನೂ ತಂದೆ ಫೋನಿನಲ್ಲಿ ಹೇಳುವುದಿಲ್ಲ. ‘ಇಲ್ಲಿ ಎಲ್ಲಾ ಆರಾಮ, ನೀನು ಓದು’ ಎನ್ನುತ್ತಾನೆ.

ಈಗ ಆ ಮಗನ ವಿಚಾರಕ್ಕೆ ಬರೋಣ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಆತ ತಂದೆಯನ್ನು ನೋಡಿಬರಲು ಗೋವಾಕ್ಕೆ ಹೋಗುತ್ತಾನೆ. ಸೆಂಟ್ರಿಂಗ್ ಕೆಲಸಕ್ಕೆ ಆಳು ಕಡಿಮೆ ಬಿದ್ದಿದೆ, ಒಂದು ತಿಂಗಳು ನಿಲ್ಲುತ್ತಾನೆ. ಕೈಗೆ ಹಣ ಬರುತ್ತದೆ, ಮೊಬೈಲ್ ಬರುತ್ತದೆ, ತಾಯಿಯ ಔಷಧಿಗೂ ಒಂದಿಷ್ಟು ಉಳಿಯುತ್ತದೆ. ಜೂನ್ ತಿಂಗಳಲ್ಲಿ ಕಾಲೇಜು ಆರಂಭವಾದಾಗ ಆತ ಮರಳುವುದಿಲ್ಲ. ಮೊಹಲ್ಲಾದ ಹಿರಿಯರು ‘ಮಗ ಅಂದರೆ ಹೀಗಿರಬೇಕು, ಅಬ್ಬಾನ ಭಾರ ಹೊತ್ತ’ ಎಂದು ಹೊಗಳುತ್ತಾರೆ.

ಈ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ. ತಂದೆ ತಾಯಿಗೆ ‘ಉಫ್’ ಎಂದೂ ಅನ್ನಬಾರದೆಂದು ಪವಿತ್ರ ಕುರ್‌ಆನ್ ಆದೇಶಿಸಿದೆ. ಮದ್ರಸದಲ್ಲಿ ನಾವೂ ಅದನ್ನೇ ಕಲಿತವರು. ಆದರೆ ಮಾತಾಪಿತೃಗಳ ಸೇವೆಯೆಂದರೆ ಹದಿನಾರನೇ ವಯಸ್ಸಿಗೇ ಕೂಲಿ ತಂದುಕೊಡುವುದು ಎಂಬ ಅರ್ಥ ಎಲ್ಲಿಂದ ಬಂತು? ಮಗ ಇಟ್ಟಿಗೆ ಹೊರಬಾರದೆಂದು ತಂದೆ ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತ. ಮಗ ಬಂದು ಅದೇ ಸಾಲಿನಲ್ಲಿ ನಿಂತರೆ ಆ ಇಪ್ಪತ್ತು ವರ್ಷಗಳು ಏನಾದವು? ಮೂರು ವರ್ಷ ಮನೆಗೆ ಉಸಿರು ಬರಬಹುದು. ಅನಂತರ ಒಬ್ಬ ಗೌಂಡಿಯ ಬದಲು ಇಬ್ಬರು ಇರುತ್ತಾರೆ, ಅಷ್ಟೇ.

ತಂದೆ ಕಾಯಿಲೆ ಬಿದ್ದಿದ್ದರೆ, ಮುಕಾದಮನಿಂದ ತಂದ ಮುಂಗಡ ತೀರದಿದ್ದರೆ ಮಗನಿಗೆ ಬೇರೆ ದಾರಿ ಇರುವುದಿಲ್ಲ. ಅಂಥವನನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಅಲ್ಲಿ ಪ್ರಶ್ನೆ ಕೇಳಬೇಕಾದದ್ದು ಜಮಾಅತನ್ನು. ಝಕಾತಿಗೆ ಅರ್ಹರಾದವರ ಪಟ್ಟಿಯಲ್ಲಿ ಬಡವರೊಂದಿಗೆ ಸಾಲದಲ್ಲಿ ಸಿಲುಕಿದವರೂ ಸೇರಿದ್ದಾರಲ್ಲವೇ? ಮಿನಾರಿಗೆ ಬಣ್ಣ ಬಳಿಯಲು ಚಂದಾ ಎತ್ತುವ ನಾವು ಒಬ್ಬ ಹುಡುಗನ ಎರಡು ವರ್ಷದ ಪಿಯುಸಿಗೆ ಎಷ್ಟು ಬಾರಿ ಎತ್ತಿದ್ದೇವೆ?

ಇನ್ನೊಂದು ಮಾತನ್ನೂ ಹೇಳಬೇಕು. ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಮ್ಮ ಮಕ್ಕಳು ‘ಬಿಸಿನೆಸ್’ ಎಂದು ಬರೆಯುವುದನ್ನು ನಾವು ಕಂಡಿದ್ದೇವೆ. ಗೌಂಡಿ ಎಂದು ಬರೆಯಲು ನಾಚಿಕೆಯಂತೆ! ದಾರಕ್ಕೆ ಗುಂಡು ಕಟ್ಟಿ ಗೋಡೆಯ ನೇರ ನೋಡುವ, ಕೋಣೆಯ ಅಳತೆ ಹೇಳಿದೊಡನೆ ಇಟ್ಟಿಗೆಯ ಲೆಕ್ಕ ಕೊಡುವ ಮನುಷ್ಯನ ವಿದ್ಯೆಗೆ ಮರ್ಯಾದೆ ಕೊಡದ ಮಗ ಎಷ್ಟು ಅಂಕ ಪಡೆದರೇನು?

ತ್ಯಾಗದ ಮಾತು ಬಂದಾಗ ನಾವು ಸಾಮಾನ್ಯವಾಗಿ ಮರೆಯುವುದು ಅಕ್ಕನನ್ನು. ಕಲಾಮ್ ಅವರ ಹೆಸರನ್ನು ಪ್ರತಿಯೊಂದು ಶಾಲಾ ಸಮಾರಂಭದಲ್ಲೂ ಹೇಳುತ್ತೇವೆ. ಅವರನ್ನು ಎಂಜಿನಿಯರಿಂಗಿಗೆ ಸೇರಿಸಲು ಅಕ್ಕ ಝೊಹರಾ ತನ್ನ ಬಳೆ, ಸರಗಳನ್ನು ಒತ್ತೆಯಿಟ್ಟದ್ದನ್ನು ಹೇಳುವವರು ಕಡಿಮೆ. ತಂದೆ ತಾಯಿ ಗುಳೆ ಹೋದ ಮನೆಯಲ್ಲಿ ಅಜ್ಜಿಗೆ ರೊಟ್ಟಿ ಬಡಿದು, ತಮ್ಮಂದಿರನ್ನು ಶಾಲೆಗೆ ಕಳುಹಿಸಿ, ತಾನು ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿ ನಮ್ಮ ಪ್ರತಿಯೊಂದು ಓಣಿಯಲ್ಲೂ ಇದ್ದಾಳೆ. ಆಕೆ ಯಾರಲ್ಲೂ ಏನೂ ಕೇಳಿಲ್ಲ. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಶಾಲೆಯ ಮುಖ ಕಂಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿದಾಗ ನಾವೆಲ್ಲ ಸರಕಾರವನ್ನು ಟೀಕಿಸಿದೆವು. ಟೀಕೆ ಸರಿಯೇ ಇತ್ತು. ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನು 2022ರಲ್ಲಿ ಕೇಂದ್ರ ಸರಕಾರ ನಿಲ್ಲಿಸಿದ್ದನ್ನೂ ಟೀಕಿಸಲೇಬೇಕು. ಆದರೆ ಆ ಹುಡುಗಿಯ ಕೈಯಿಂದ ಲಟ್ಟಣಿಗೆ ಬಿಡಿಸುವುದು ದಿಲ್ಲಿಯ ಕೆಲಸವಲ್ಲ.

ಹಕ್ಕುಗಳೂ ಇವೆ, ಕೇಳುವವರು ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ತಂದೆ ತಾಯಿಯೊಂದಿಗೆ ಗೋವಾಕ್ಕೆ ಹೋಗಿ ಬಂದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಆರನೆಯ ತರಗತಿಗೆ ಸೇರಿದ ಮಗುವಿನ ಊಟ, ವಸತಿ, ಓದು ಸರಕಾರದ ಹೊಣೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರ ಮಕ್ಕಳಿಗೆ ಶೈಕ್ಷಣಿಕ ನೆರವು ಇದೆ. ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಅಜ್ಜಿಗೆ ಈ ಅರ್ಜಿಗಳನ್ನು ತುಂಬಲು ಬಾರದು. ಓದಿದ ಯುವಕರಿಗೆ ಬರುತ್ತದೆ.

ಪ್ರತಿ ಮೊಹಲ್ಲಾದಲ್ಲಿ ತಂದೆ ತಾಯಿ ಗುಳೆ ಹೋದ ಮನೆಗಳೆಷ್ಟು, ಆ ಮನೆಗಳ ಯಾವ ಮಗು ಯಾವ ತರಗತಿಯಲ್ಲಿದೆ, ಯಾವುದು ಶಾಲೆ ಬಿಟ್ಟಿದೆ, ಇಷ್ಟನ್ನು ಜೂನ್ ತಿಂಗಳೊಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಮಸೀದಿ ಕಮಿಟಿಗಳಿಗೆ ಸಾಧ್ಯವಿಲ್ಲವೇ? ಜುಮಾ ನಮಾಝಿನ ನಂತರ ನಾಲ್ಕು ಜನ ಅರ್ಧ ಗಂಟೆ ಕುಳಿತರೆ ಒಂದೇ ವಾರದಲ್ಲಿ ಪಟ್ಟಿ ಸಿದ್ಧವಾಗುತ್ತದೆ.