ಅಳಿವೆಯ ಕೆಸರಿಗೂ ಒಂದು ಹಳೇ ಬಾಕಿ ಇದೆ

ಮರುವಾಯಿ ತಂದ ದಿನ ನಮ್ಮ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಏಳುತ್ತದೆ: “ಇದು ಎಲ್ಲಿಯದ್ದು? ಹೊಳೆ ಕೆಸರಲ್ಲಿ ವಿಷ ಉಂಟಂತಲ್ಲ?” ಉಮ್ಮಂದಿರು ಕೇಳುವ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಉತ್ತರ ಹೇಳುವವರು ಮಾತ್ರ ಎರಡು ಪಂಗಡ. ಒಬ್ಬರಿಗೆ ಎಲ್ಲವೂ ಕಾರ್ಖಾನೆಯ ಪಾಪ. ಇನ್ನೊಬ್ಬರಿಗೆ ಎಲ್ಲವೂ ಘಟ್ಟದಿಂದ ಇಳಿದ ಮಣ್ಣಿನ ಗುಣ. ಇಬ್ಬರೂ ಲೆಕ್ಕಪುಸ್ತಕ ತೆರೆಯದೆ ಮಾತಾಡುವವರೇ.

ನೇತ್ರಾವತಿ, ಫಲ್ಗುಣಿ ಎರಡೂ ಬೆಂಗರೆ-ಉಳ್ಳಾಲದ ನಡುವೆ ಕಡಲು ಸೇರುತ್ತವೆ. ಅವು ಹರಿದು ಬರುವುದು ಮುರಕಲ್ಲಿನ ಸೀಮೆಯಲ್ಲಿ. ಮುರಕಲ್ಲು ಎಂದರೇ ಕಬ್ಬಿಣ, ಅಲ್ಯುಮಿನಿಯಂ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇಲ್ಲಿನ ಹೊಳೆದಂಡೆಯ ಮಣ್ಣನ್ನು ನಂಬಿ. ಸುಟ್ಟ ಹಂಚು ಕೆಂಪಾಗುವುದು ಆ ಮಣ್ಣಿನ ಕಬ್ಬಿಣದಿಂದಲೇ. ಹಾಗಾಗಿ ‘ಕೆಸರಲ್ಲಿ ಕಬ್ಬಿಣ ಸಿಕ್ಕಿತು’ ಎಂಬುದು ಸುದ್ದಿಯೇ ಅಲ್ಲ. ಕೆಲವು ಕಪ್ಪು ಬಂಡೆಗಳಲ್ಲಿ ನಿಕಲ್, ಕ್ರೋಮಿಯಂ ಕೂಡ ಸಹಜವಾಗಿಯೇ ಜಾಸ್ತಿ.

ಹಾಗಾದರೆ ಮನುಷ್ಯ ಸೇರಿಸಿದ್ದನ್ನು ಗುರುತಿಸುವುದು ಹೇಗೆ? ಅಂಗಡಿ ನಡೆಸುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಮೊದಲು ಓಪನಿಂಗ್ ಬ್ಯಾಲೆನ್ಸ್ ಬೇಕು. ಕೆಸರಿಗೆ ಉದ್ದದ ಕೊಳವೆ ಇಳಿಸಿ, ಪದರ ಕದಡದಂತೆ ಮೇಲೆತ್ತುತ್ತಾರೆ. ಕೆಳಗಿನ ಪದರ ಕಾರ್ಖಾನೆಗಳಿಗಿಂತ ಹಿಂದಿನದ್ದಾದರೆ ಅದೇ ಹಳೇ ಬಾಕಿ. ಪದರದ ವಯಸ್ಸನ್ನು ಸೀಸ-210 ಎಂಬ ವಿಕಿರಣ ಧಾತು ಹೇಳುತ್ತದೆ. ಅದು ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ನೂರು ವರ್ಷದ ಲೆಕ್ಕ ಸಿಗುತ್ತದೆ.

ಇನ್ನೊಂದು ಎಚ್ಚರ ಬೇಕು. ನುಣ್ಣನೆಯ ಕೆಸರು ಲೋಹ ಹಿಡಿದಿಟ್ಟುಕೊಳ್ಳುತ್ತದೆ, ಮರಳು ಅಷ್ಟು ಹಿಡಿಯುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೋಸ. ಅದಕ್ಕೇ ಲೋಹವನ್ನು ಅಲ್ಯುಮಿನಿಯಂ ಜೊತೆ ಹೋಲಿಸುತ್ತಾರೆ, ಯಾಕೆಂದರೆ ಅದು ಹೆಚ್ಚಿನ ಪಾಲು ಮಣ್ಣಿನಿಂದಲೇ ಬರುವುದು. ಒಂದು ಉದಾಹರಣೆ: ಹಳೇ ಪದರದ ಒಂದು ಕಿಲೋದಲ್ಲಿ 60 ಮಿಲಿಗ್ರಾಂ ಸತು, ಅಲ್ಯುಮಿನಿಯಂ ಶೇ. 6. ಮೇಲಿನ ಪದರದಲ್ಲಿ ಸತು 90, ಅಲ್ಯುಮಿನಿಯಂ ಶೇ. 9. ಸತು ಏರಿದಂತೆ ಕಂಡರೂ ಅನುಪಾತ ಅದೇ 10. ಕೆಸರು ನುಣ್ಣಗಾಗಿದೆ, ಅಷ್ಟೆ. ಸತು 180 ಆಗಿದ್ದರೆ ಅನುಪಾತ 20. ಆಗ ಅರ್ಧದಷ್ಟು ಬೇರೆಲ್ಲಿಂದಲೋ ಬಂದಿದೆ ಎಂದು ಕೇಳಲೇಬೇಕು. ಮ್ಯಾಂಗನೀಸಿನ ಮಾತು ಬೇರೆ. ಗಾಳಿಯಿಲ್ಲದ ಆಳದಲ್ಲಿ ಅದು ಕರಗಿ ತಾನಾಗಿಯೇ ಮೇಲಿನ ಪದರಕ್ಕೆ ಬಂದು ಕೂರುತ್ತದೆ.

ಸೀಸಕ್ಕಂತೂ ಬೆರಳಚ್ಚೇ ಇದೆ. ಅದರ ಐಸೋಟೋಪುಗಳ ಪ್ರಮಾಣ ಗಣಿಯಿಂದ ಗಣಿಗೆ ಬೇರೆ. ಬಂಡೆಯ ಸೀಸವೋ, ಪೆಟ್ರೋಲಿಗೆ ಬೆರೆಸಿದ್ದ ಸೀಸವೋ ಎಂದು ಎಷ್ಟೋ ಸಲ ಅದರಿಂದಲೇ ಬಿಡಿಸಬಹುದು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಆದರೆ ಕೆಸರು ಬೇಗ ಮರೆಯುವುದಿಲ್ಲ.

‘ಸಹಜ’ ಎಂದರೆ ‘ಸುರಕ್ಷಿತ’ ಎಂದಲ್ಲ, ಇದು ನೆನಪಿರಲಿ. ಲೋಹ ಕಲ್ಲಿನ ಕಣದೊಳಗೆ ಗಟ್ಟಿಯಾಗಿ ಕೂತಿದೆಯೋ, ಸುಲಭವಾಗಿ ಬಿಟ್ಟುಕೊಡುವ ರೂಪದಲ್ಲಿದೆಯೋ ಎಂಬುದೇ ಮುಖ್ಯ. ನೀರು ಸೋಸಿ ತಿನ್ನುವ ಮರುವಾಯಿಯ ಮಾಂಸವನ್ನೇ ಪರೀಕ್ಷಿಸದೆ ಉಮ್ಮನ ಪ್ರಶ್ನೆಗೆ ಉತ್ತರವಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಅಳಿವೆಯಲ್ಲಿ ಹೂಳೆತ್ತುವ ಮೊದಲು ಕೊಳವೆ ಮಾದರಿ ತೆಗೆಯಲಿ. ಹೂಳೆತ್ತಿದ ಮೇಲೆ ಪದರವೇ ಕಲಸಿಹೋಗುತ್ತದೆ, ಲೆಕ್ಕಪುಸ್ತಕ ಹರಿದಂತೆ. ವರದಿಯಲ್ಲಿ ಬರೀ ಲೋಹದ ಅಂಕಿ ಸಾಲದು. ಆಳ, ಕಣದ ಗಾತ್ರ, ಅಲ್ಯುಮಿನಿಯಂ ಇರಲಿ. ಮೇಲ್ಹೊಳೆಯ ಮಾದರಿಯೂ ಇರಲಿ. ಕನ್ನಡದಲ್ಲಿ, ಪಂಚಾಯತ್ ಗೋಡೆಯ ಮೇಲೆ.

ಬೆರಳು ತೋರಿಸುವಾಗ ನಮ್ಮ ಕಡೆಗೂ ಸ್ವಲ್ಪ ನೋಡೋಣ. ಗುಜರಿ ಅಂಗಡಿಯ ಹಿಂದೆ ಒಡೆದ ಬ್ಯಾಟರಿ, ಗ್ಯಾರೇಜಿನ ಚರಂಡಿ, ಬೋಟಿನ ತಳ ಕೆರೆದು ಹೊಳೆಗೇ ತಳ್ಳಿದ ತಾಮ್ರದ ಪೇಂಟು. ಇವು ಯಾವ ಘಟ್ಟದಿಂದಲೂ ಇಳಿದು ಬಂದದ್ದಲ್ಲ. ಲೆಕ್ಕ ತೆಗೆದಾಗ ನಮ್ಮ ಹೆಸರಿನ ಪುಟವೂ ಬಂದೀತು. ಬರಲಿ. ಲೆಕ್ಕ ಕೇಳುವವರ ಲೆಕ್ಕ ಮೊದಲು ಚೊಕ್ಕವಿರಬೇಕಲ್ಲ?